ಕಥೊಲಿಕ ಶಾಲೆಯಲ್ಲಿ ಕೊನೆಯ ಮಾತು ಯಾರದು? ಹೊಸ ನಿರ್ದೇಶಕರು, ಹಳೆಯ ಸಿಸ್ಟರ್, ನಡುವೆ ಸಿಕ್ಕಿಕೊಂಡ ಶಿಕ್ಷಕರು

ಚರಿತ್ರೆ ಮೇಷ್ಟ್ರು (ಪ್ರಶ್ನೆ)

ನಾನು ಒಂದು ಕಥೊಲಿಕ ಶಾಲೆಯಲ್ಲಿ ಚರಿತ್ರೆ ಪಾಠ ಮಾಡುವವನು. ಶಾಲೆ ಕಟ್ಟಿದ್ದು ಧರ್ಮಭಗಿನಿಯರ (ಸಿಸ್ಟರುಗಳ) ಒಂದು ಸಭೆ, ಅಂದರೆ ಸಂನ್ಯಾಸಿನಿಯರ ಸಂಘ. ಬರಬರುತ್ತಾ ಅವರ ಸಂಖ್ಯೆ ಕರಗಿತು. ಕಾನ್ವೆಂಟಿನಲ್ಲಿ ಈಗ ಬೆರಳೆಣಿಕೆಯ ಮಂದಿ, ಶಾಲೆಯೊಳಗೆ ಕಾಲಿಡುವವರು ಒಬ್ಬರೇ ಸಿಸ್ಟರ್. ಕಳೆದ ವರ್ಷ ಆಡಳಿತ ಧರ್ಮಪ್ರಾಂತ್ಯದ ಕೈಗೆ ಹೋಯಿತು. ಪ್ರಾಂತ್ಯದ ಧರ್ಮಾಧ್ಯಕ್ಷರು (ಬಿಷಪ್) ಒಬ್ಬ ಯುವ ಗುರುಗಳನ್ನು (ಫಾದರ್) ನಿರ್ದೇಶಕರನ್ನಾಗಿ ಕಳುಹಿಸಿದರು.

ಇಂತಹ ಜಗಳ ಎಂದ ಕೂಡಲೇ ಎಲ್ಲರ ಕಣ್ಣಿಗೆ ಬರುವ ಚಿತ್ರ ಒಂದೇ: ಕಟ್ಟುನಿಟ್ಟಿನ ಮುದಿ ಸಿಸ್ಟರ್ ಒಂದು ಕಡೆ, ಗಿಟಾರ್ ಹಿಡಿದ ಹುಡುಗು ಫಾದರ್ ಇನ್ನೊಂದು ಕಡೆ. ನಮ್ಮಲ್ಲಿ ಅದು ತಿರುಗುಮುರುಗು. ಗಿಟಾರ್ ಸಿಸ್ಟರ್ ಅವರದು. ಆರಾಧನೆಯನ್ನು ಜನರ ಭಾಷೆಗೆ ತೆರೆದ ದ್ವಿತೀಯ ವ್ಯಾಟಿಕನ್ ಮಹಾಸಭೆ (ಜಗತ್ತಿನ ಧರ್ಮಾಧ್ಯಕ್ಷರ ಸಭೆ, 1962–65) ಮುಗಿದು ಹೊಸ ಗಾಳಿ ಬೀಸುತ್ತಿದ್ದ ಕಾಲದಲ್ಲಿ ವ್ರತ ಸ್ವೀಕರಿಸಿದವರು ಅವರು. ಮಕ್ಕಳು ಪೂಜಾಪೀಠದ ಸುತ್ತ ನಿಂತು ತಮ್ಮ ಭಾಷೆಯಲ್ಲಿ ಹಾಡಬೇಕೆಂದು ತಮ್ಮ ಕಾಲದ ಹಿರಿಯರೊಡನೆ ಹೋರಾಡಿದವರು. ಫಾದರ್‌ಗೆ ಬೇಕಿರುವುದು ಆ ಹಿರಿಯರು ಬಿಟ್ಟುಕೊಟ್ಟದ್ದೆಲ್ಲ.

ಆಗಿರುವುದಿಷ್ಟು. ಶುಕ್ರವಾರದ ಬಲಿಪೂಜೆ (ಮಾಸ್) ಲ್ಯಾಟಿನ್‌ಗೆ ತಿರುಗಿದೆ. ಗಿಟಾರ್ ಹೋಗಿ ಲ್ಯಾಟಿನ್‌ನ ಹಳೆಯ ಗ್ರೆಗೋರಿಯನ್ ಗಾಯನ ಬಂದಿದೆ. ಪರಮಪ್ರಸಾದವನ್ನು (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಎಲ್ಲರೂ ಮೊಣಕಾಲೂರಿ, ನಾಲಗೆಯ ಮೇಲೆಯೇ ಸ್ವೀಕರಿಸಬೇಕು. ಹೆಣ್ಣುಮಕ್ಕಳು ಪೂಜಾಪೀಠದ ಸೇವೆಗೆ ಬರಬಾರದು, ಪ್ರಾರ್ಥನಾಲಯದಲ್ಲಿ ತಲೆಗೆ ಮುಸುಕು ಹಾಕಿಕೊಳ್ಳಬೇಕು ಎಂದು ಸುತ್ತೋಲೆ ಬಂದಿದೆ. ಗಾಯನವೃಂದದ ಹುಡುಗಿಯರಿಗೆ ಮುಸುಕು ಹಾಕಿಸಲು ಸಿಸ್ಟರ್ ಒಪ್ಪಲಿಲ್ಲ. ಮರುದಿನವೇ ಗಾಯನವೃಂದ ಅವರ ಕೈತಪ್ಪಿತು. ಅವರು ತಮ್ಮ ಸಭೆಯ ಮುಖ್ಯಸ್ಥೆಗೆ ಬರೆದರು. ‘ಪ್ರಾರ್ಥಿಸೋಣ’ ಎಂದು ಉತ್ತರ ಬಂತು.

ಶಿಕ್ಷಕರ ಸಭೆಯಲ್ಲಿ ನಾವು ಚರ್ಚೆಗೆ ಬಾಯಿ ತೆರೆದರೆ ನಿರ್ದೇಶಕರು, ‘ಇದು ಧರ್ಮಸಭೆಯ ಶಾಲೆ, ಇಲ್ಲಿ ಕೈ ಎತ್ತಿಸಿ ಎಣಿಸುವ ಪದ್ಧತಿಯಿಲ್ಲ’ ಎಂದರು. ಹಳೆಯ ವಿದ್ಯಾರ್ಥಿಗಳು ‘ನಲವತ್ತು ವರ್ಷದ ಸಂಪ್ರದಾಯ ಮುರಿಯಬೇಡಿ’ ಎಂದು ಸಹಿ ಸಂಗ್ರಹಿಸುತ್ತಿದ್ದಾರೆ. ಅವರು ಹೇಳುವ ಸಂಪ್ರದಾಯ ಎಂದರೆ ಗಿಟಾರ್! ಸಂಪ್ರದಾಯದ ಹೆಸರಿನಲ್ಲೇ ಎರಡೂ ಕಡೆಯವರು ಧರ್ಮಾಧ್ಯಕ್ಷರಿಗೆ ಪತ್ರ ಬರೆಯುತ್ತಿದ್ದಾರೆ. ಇನ್ನು ಗುರುವಾರ ರಾತ್ರಿ ಹಾಸ್ಟೆಲಿನಲ್ಲಿ ತರಗತಿವಾರು ಪಟ್ಟಿ ಹಿಡಿದು ಪಾಪನಿವೇದನೆ (ಗುರುಗಳ ಬಳಿ ಗುಟ್ಟಾಗಿ ಪಾಪ ಹೇಳಿಕೊಳ್ಳುವುದು) ಮಾಡಿಸುವುದೂ ಶುರುವಾಗಿದೆ. ಕೇಳಲು ನಿರ್ದೇಶಕರೇ ಕೂರುತ್ತಾರೆ.

ನನ್ನ ಪ್ರಶ್ನೆ: ಇಷ್ಟೆಲ್ಲ ಮಾಡಲು ಅವರಿಗೆ ಅಧಿಕಾರವಿದೆಯೇ? ಸಿಸ್ಟರ್ ವಿರೋಧಿಸಿದರೆ ತಪ್ಪೇ? ಆಸ್ಟ್ರೇಲಿಯಾದಲ್ಲಿ ಬಡಮಕ್ಕಳಿಗೆ ಶಾಲೆಗಳನ್ನು ನಡೆಸಿದ ಮೇರಿ ಮೆಕಿಲಪ್ ಅವರನ್ನು 1871ರಲ್ಲಿ ಅಡಿಲೇಡ್‌ನ ಧರ್ಮಾಧ್ಯಕ್ಷರು ಬಹಿಷ್ಕರಿಸಿದ್ದರು. 2010ರಲ್ಲಿ ರೋಮ್ ಅವರನ್ನು ಸಂತರೆಂದು ಸಾರಿತು. ಆದ್ದರಿಂದ ‘ಮೇಲಿನವರು ಹೇಳಿದ್ದಾರೆ, ಮುಗಿಯಿತು’ ಎಂಬ ಮಾತು ಚರಿತ್ರೆ ಓದಿದ ನನಗೆ ಗಂಟಲಲ್ಲಿ ಇಳಿಯುವುದಿಲ್ಲ.

ಇಬ್ಬರು ಮಕ್ಕಳ ತಂದೆ

ಮೇಷ್ಟ್ರೇ, ನೀವು ಬರೆದ ರೀತಿಯಲ್ಲೇ ತೀರ್ಪು ಅಡಗಿದೆ. ನನ್ನಂತಹವರ ಮಾತನ್ನೂ ಸ್ವಲ್ಪ ಕೇಳಿ.

ನಾನು ಓದಿದ್ದು ಇಂತಹದೇ ಶಾಲೆಯಲ್ಲಿ. ಹತ್ತು ವರ್ಷ ಧರ್ಮೋಪದೇಶದ ತರಗತಿಯಲ್ಲಿ ಕುಳಿತೆ. ಚಪ್ಪಾಳೆ ತಟ್ಟುತ್ತಾ ‘ಎಲ್ಲರೂ ಒಳ್ಳೆಯವರಾಗೋಣ’ ಎಂದು ಹಾಡಿದೆ. ಹೊರಬಂದಾಗ ಏಳು ಸಂಸ್ಕಾರಗಳ ಹೆಸರು ಹೇಳಲು ಬರುತ್ತಿರಲಿಲ್ಲ. ಕಾಲೇಜಿನಲ್ಲಿ ಗೆಳೆಯನೊಬ್ಬ ಒಂದು ಮಠಕ್ಕೆ ಕರೆದುಕೊಂಡು ಹೋದ. ಅಲ್ಲಿ ಕೇಳಿದ ಗ್ರೆಗೋರಿಯನ್ ಗಾಯನದಿಂದ ನಾನು ಬಲಿಪೂಜೆಗೆ ಮರಳಿದೆ. ಇದು ನಮ್ಮ ಆಸ್ತಿ, ನಮಗೆ ಯಾರೂ ಕೊಡಲಿಲ್ಲ ಎಂದು ಅಂದು ಸಿಟ್ಟು ಬಂದಿತ್ತು.

ನೀವು ಮಹಾಸಭೆಯ ಹೆಸರು ಎತ್ತಿದ್ದೀರಿ. ಆರಾಧನೆಯ ಕುರಿತು ಅದೇ ಮಹಾಸಭೆ 1963ರ ಡಿಸೆಂಬರಿನಲ್ಲಿ ಹೊರಡಿಸಿದ ಸಂವಿಧಾನದ 116ನೆಯ ಪರಿಚ್ಛೇದ ಗ್ರೆಗೋರಿಯನ್ ಗಾಯನಕ್ಕೆ ಪ್ರಥಮ ಸ್ಥಾನ ಕೊಡುತ್ತದೆ. ಬಲಿಪೂಜೆಯಲ್ಲಿ ತಮ್ಮ ಪಾಲಿಗೆ ಬರುವ ಭಾಗಗಳನ್ನು ಜನರು ಲ್ಯಾಟಿನ್‌ನಲ್ಲೂ ಹೇಳಲು, ಹಾಡಲು ಸಮರ್ಥರಾಗುವಂತೆ ನೋಡಿಕೊಳ್ಳಬೇಕೆಂದು 54ನೆಯ ಪರಿಚ್ಛೇದ ಹೇಳುತ್ತದೆ. ಗಿಟಾರ್ ಬಗ್ಗೆ ಒಂದಕ್ಷರವೂ ಇಲ್ಲ. ಹಾಗಿದ್ದ ಮೇಲೆ ಮಹಾಸಭೆಯನ್ನು ಪಾಲಿಸುತ್ತಿರುವವರು ಯಾರು, ಫಾದರೋ ಸಿಸ್ಟರೋ?

ಮುಸುಕಿನ ವಿಷಯದಲ್ಲಿ ಮಾತ್ರ ಬಲವಂತ ಬೇಡ ಎಂದೇ ನನ್ನ ಅಭಿಪ್ರಾಯ. ನನ್ನ ಹೆಂಡತಿ ಹಾಕಿಕೊಳ್ಳುತ್ತಾಳೆ, ಮಗಳು ಹಾಕಿಕೊಳ್ಳುವುದಿಲ್ಲ. ಮನೆಯಲ್ಲಿ ಯುದ್ಧವೇನೂ ಆಗಿಲ್ಲ.

ನಿವೃತ್ತ ಮುಖ್ಯೋಪಾಧ್ಯಾಯಿನಿ

ಧರ್ಮಭಗಿನಿಯರ ಶಾಲೆಯೊಂದರಲ್ಲಿ ಗೃಹಸ್ಥೆಯಾಗಿದ್ದುಕೊಂಡೇ ಬಹುಕಾಲ ಮುಖ್ಯೋಪಾಧ್ಯಾಯಿನಿಯಾಗಿದ್ದೆ. ಒಂದು ಕಡೆ ಸಿಸ್ಟರುಗಳು, ಇನ್ನೊಂದು ಕಡೆ ಧರ್ಮಾಧ್ಯಕ್ಷರ ಕಚೇರಿ. ಇಬ್ಬರಿಂದಲೂ ಬೈಸಿಕೊಳ್ಳುವ ಕುರ್ಚಿ ಅದು. ಆತ್ಮರಕ್ಷಣೆಗೆಂದೇ ಧರ್ಮಸಭೆಯ ಕಾನೂನು ಸಂಹಿತೆಯನ್ನು ಓದಲು ಹಿಡಿದೆ. ಆಮೇಲೆ ರುಚಿ ಹತ್ತಿತು. ಮೇಷ್ಟ್ರೇ, ನಾನು ಹೇಳುವುದರಲ್ಲಿ ಅರ್ಧ ನಿಮಗೆ ಹಿಡಿಸುವುದಿಲ್ಲ.

ಮೊದಲು ಹಸ್ತಾಂತರದ ಪತ್ರ ಹುಡುಕಿಸಿ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. 1983ರ ಸಂಹಿತೆಯ 806ನೆಯ ವಿಧಿಯ ಪ್ರಕಾರ ತನ್ನ ಪ್ರಾಂತ್ಯದ ಎಲ್ಲ ಕಥೊಲಿಕ ಶಾಲೆಗಳ ಮೇಲೆ ಕಣ್ಣಿಡುವ, ಭೇಟಿ ಕೊಟ್ಟು ಪರಿಶೀಲಿಸುವ, ಸಾಮಾನ್ಯ ನಿಯಮಗಳನ್ನು ಹೊರಡಿಸುವ ಹಕ್ಕು ಧರ್ಮಾಧ್ಯಕ್ಷರಿಗಿದೆ. ಸಂನ್ಯಾಸಿಗಳು ನಡೆಸುವ ಶಾಲೆಗಳೂ ಅದರಿಂದ ಹೊರತಲ್ಲ. ಆದರೆ ಅಂತಹ ಶಾಲೆಗಳ ಒಳಾಡಳಿತದ ಸ್ವಾಯತ್ತತೆ ಅವರಿಗೇ ಉಳಿಯುತ್ತದೆ. ನಿಮ್ಮ ಸಿಸ್ಟರ್‌ಗೆ ಗುರಾಣಿಯಾಗಬಹುದಾಗಿದ್ದುದು ಈ ಕೊನೆಯ ವಾಕ್ಯ. ಸಭೆಯವರು ಶಾಲೆಯನ್ನೇ ಬಿಟ್ಟುಕೊಟ್ಟಿದ್ದರೆ ಗುರಾಣಿಯೂ ಅದರೊಂದಿಗೆ ಹೋಯಿತು. ಒಡೆತನ ಉಳಿಸಿಕೊಂಡು ಆಡಳಿತವನ್ನಷ್ಟೇ ಒಪ್ಪಿಸಿದ್ದರೆ ಮಾತು ಬೇರೆ. ‘ಪ್ರಾರ್ಥಿಸೋಣ’ ಎಂದು ಬರೆದ ಮುಖ್ಯಸ್ಥೆಗೆ ಪತ್ರದಲ್ಲಿ ಏನಿದೆ ಎಂಬುದು ಚೆನ್ನಾಗಿ ಗೊತ್ತಿರಬೇಕು.

ಮೇರಿ ಮೆಕಿಲಪ್ ಅವರನ್ನು ಎಳೆದು ತಂದಿದ್ದೀರಿ. ಆ ಜಗಳ ಹಾಡಿನದಲ್ಲ. ಬೇರೆ ಬೇರೆ ಪ್ರಾಂತ್ಯಗಳಲ್ಲಿದ್ದ ಭಗಿನಿಯರು ತಮ್ಮದೇ ಮುಖ್ಯಸ್ಥೆಯ ಕೆಳಗಿರಬೇಕೋ ಆಯಾ ಧರ್ಮಾಧ್ಯಕ್ಷರ ಕೆಳಗೋ ಎಂಬುದು ಅದರ ತಿರುಳು. ಬಹಿಷ್ಕಾರ ಅರ್ಧ ವರ್ಷವೂ ನಿಲ್ಲಲಿಲ್ಲ. 1872ರ ಫೆಬ್ರವರಿಯಲ್ಲಿ, ತಮ್ಮ ಸಾವು ಹತ್ತಿರವಾದಾಗ, ಬಹಿಷ್ಕರಿಸಿದ್ದ ಧರ್ಮಾಧ್ಯಕ್ಷ ಶೀಲ್ ಅವರೇ ಅದನ್ನು ತೆಗೆಸಿದರು. ಆಕೆ ಬಯಲಿಗಿಳಿದು ಕೂಗಾಡಲಿಲ್ಲ. 1873ರಲ್ಲಿ ರೋಮ್‌ಗೆ ಹೋಗಿ ಸಭೆಯ ನಿಯಮಾವಳಿಯನ್ನು ಅಲ್ಲಿಯವರ ಮುಂದಿಟ್ಟರು. ಕೇಂದ್ರ ಆಡಳಿತ ಉಳಿಯಿತು. ಆಸ್ತಿ ಹೊಂದಬಾರದೆಂಬ ಕಠಿಣ ನಿಯಮ ಬದಲಾಯಿತು, ಅದರಿಂದ ಸಹಸ್ಥಾಪಕ ಗುರುಗಳೇ ಮುನಿಸಿಕೊಂಡರು. ಒಂದನ್ನು ಗೆದ್ದರು, ಒಂದನ್ನು ಬಿಟ್ಟರು. ಸಂತರ ಕಥೆ ಹೇಳುವವರು ಎರಡನೆಯ ಭಾಗಕ್ಕೆ ಬರುವ ಮೊದಲೇ ನಿಲ್ಲಿಸಿಬಿಡುತ್ತಾರೆ.

ಲ್ಯಾಟಿನ್ ವಿಷಯದಲ್ಲಿ ನಿಮ್ಮ ಫಾದರ್ ಕಾನೂನು ಮುರಿದಿಲ್ಲ. ಬಲಿಪೂಜೆ ಲ್ಯಾಟಿನ್‌ನಲ್ಲಾಗಲಿ, ಪಠ್ಯಕ್ಕೆ ಮಾನ್ಯತೆ ದೊರೆತ ಬೇರೆ ಭಾಷೆಯಲ್ಲಾಗಲಿ ನಡೆಯಬಹುದು ಎನ್ನುತ್ತದೆ 928ನೆಯ ವಿಧಿ. ಅವರು ಬಳಸುತ್ತಿರುವ ಪೂಜಾಗ್ರಂಥ ಯಾವುದೆಂದು ನೋಡಿ. ಮಹಾಸಭೆಯ ನಂತರದ್ದಾದರೆ ನೀವು ಆಕ್ಷೇಪಿಸಲು ಏನೂ ಇಲ್ಲ. ಅದಕ್ಕೆ ಮುಂಚಿನ 1962ರದ್ದಾದರೆ ಪೋಪ್ ಫ್ರಾನ್ಸಿಸ್ 2021ರ ಜುಲೈನಲ್ಲಿ ಹೊರಡಿಸಿದ ಆದೇಶದಂತೆ ಧರ್ಮಾಧ್ಯಕ್ಷರ ಅನುಮತಿ ಬೇಕೇ ಬೇಕು. ಹಾಗೆಂದು ತಂದೆಯವರು ಗೆದ್ದೆನೆಂದು ಬೀಗುವುದೂ ಬೇಡ. 116ನೆಯ ಪರಿಚ್ಛೇದದಲ್ಲಿ ‘ಉಳಿದೆಲ್ಲ ಸಮನಾಗಿದ್ದರೆ’ ಎಂಬ ಷರತ್ತಿದೆ, ಅದನ್ನು ನುಂಗಿದ್ದೀರಿ. ಮಕ್ಕಳ ಜೊತೆಗಿನ ಬಲಿಪೂಜೆಗೆಂದೇ 1973ರಲ್ಲಿ ರೋಮ್ ಪ್ರತ್ಯೇಕ ಮಾರ್ಗದರ್ಶಿ ಕೊಟ್ಟಿದೆ. ಮಕ್ಕಳ ಬುದ್ಧಿಗೆ ನಿಲುಕುವಂತೆ ಹಲವು ಮಾರ್ಪಾಡುಗಳಿಗೆ ಅದು ದಾರಿ ಬಿಡುತ್ತದೆ.

ಮೊಣಕಾಲಿನ ಕಡ್ಡಾಯ ನಿಲ್ಲುವುದಿಲ್ಲ. 2004ರ ರೋಮ್ ಸೂಚನೆಯ ಪ್ರಕಾರ ಮೊಣಕಾಲೂರಿದ ಎಂದಾಗಲಿ ನಿಂತಿದ್ದಾನೆ ಎಂದಾಗಲಿ ಪರಮಪ್ರಸಾದ ನಿರಾಕರಿಸುವಂತಿಲ್ಲ. ನಾಲಗೆಯ ಮೇಲೆ ಸ್ವೀಕರಿಸುವ ಹಕ್ಕು ಎಲ್ಲರಿಗೂ ಇದೆ. ಕೈಯಲ್ಲಿ ಕೊಡಲು ಅನುಮತಿ ಇರುವ ಪ್ರದೇಶದಲ್ಲಿ ಮಗು ಕೈ ಒಡ್ಡಿದರೆ ಕೈಗೇ ಕೊಡಬೇಕು. ಮುಸುಕಿನ ನಿಯಮ ಇದ್ದದ್ದು 1917ರ ಸಂಹಿತೆಯಲ್ಲಿ, 1262ನೆಯ ವಿಧಿ. ಈಗಿನ ಸಂಹಿತೆಯಲ್ಲಿ ಅದು ಇಲ್ಲ. ಸಮವಸ್ತ್ರದ ನಿಯಮ ಎಂದು ಶಾಲೆ ಹೇರಲು ಹೊರಟರೆ ಅದನ್ನು ಪೋಷಕರು ಶಾಲೆಯೊಂದಿಗೆ ಬಗೆಹರಿಸಿಕೊಳ್ಳಲಿ. ಧರ್ಮಸಭೆಯ ಆಜ್ಞೆ ಎಂದು ಸುತ್ತೋಲೆಯಲ್ಲಿ ಬರೆಯುವಂತಿಲ್ಲ.

ಹೆಣ್ಣುಮಕ್ಕಳ ಪೂಜಾಪೀಠ ಸೇವೆಯ ಬಗ್ಗೆ ನಿಮಗೆ ನಿರಾಸೆಯಾಗುತ್ತದೆ, ನನಗೂ ಆಗಿತ್ತು. 1994ರಲ್ಲಿ ರೋಮ್ ಅದಕ್ಕೆ ದಾರಿ ತೆರೆದು ನಿರ್ಧಾರವನ್ನು ಧರ್ಮಾಧ್ಯಕ್ಷರಿಗೆ ಬಿಟ್ಟಿತು. ಅವರು ಅನುಮತಿ ಕೊಟ್ಟರೂ ಹುಡುಗಿಯರನ್ನು ಸೇವೆಗೆ ಕರೆಯಲೇಬೇಕೆಂದು ಗುರುಗಳನ್ನು ಬಲವಂತ ಮಾಡುವಂತಿಲ್ಲ ಎಂದು 2001ರಲ್ಲಿ ಸ್ಪಷ್ಟಪಡಿಸಿತು. ವಾಚಕ, ಪೂಜಾಸಹಾಯಕ ಎಂಬ ವಿಧ್ಯುಕ್ತ ಸೇವೆಗಳೇ 2021ರಲ್ಲಿ ಮಹಿಳೆಯರಿಗೆ ತೆರೆದ ಮೇಲೆ ಈ ಹಟಕ್ಕೆ ಏನರ್ಥ ಎಂದು ನೀವು ಕೇಳಬಹುದು. ಕೇಳಿ, ಆದರೆ ಕಾನೂನು ಹಿಡಿದು ಗೆಲ್ಲಲಾರಿರಿ.

ಹಳೆಯ ವಿದ್ಯಾರ್ಥಿಗಳ ‘ನಲವತ್ತು ವರ್ಷ’ದ ವಾದ ಕೇಳಲು ಗಟ್ಟಿಯಾಗಿದೆ. ಕಾನೂನನ್ನು ಮೀರಿದ ರೂಢಿಗೂ ಮೂವತ್ತು ವರ್ಷ ಎಡೆಬಿಡದೆ ನಡೆದರೆ ಕಾನೂನಿನ ಬಲ ಬರಬಹುದು ಎಂದು 26ನೆಯ ವಿಧಿಯಲ್ಲಿ ಇದೆ, ನಿಜ. ಅದರ ಹಿಂದಿನ ವಿಧಿಯನ್ನೂ ಓದಬೇಕು. ಕಾನೂನನ್ನು ಸ್ವೀಕರಿಸಬಲ್ಲಂತಹ ಸಮುದಾಯವೊಂದು ಅದನ್ನು ಕಾನೂನಾಗಿಸುವ ಉದ್ದೇಶದಿಂದಲೇ ಪಾಲಿಸಿರಬೇಕು. ಎಂಟನೆಯ ತರಗತಿಯ ಗಾಯನವೃಂದ ಅಂತಹ ಸಮುದಾಯವೆಂದು ಯಾವ ನ್ಯಾಯಪೀಠವೂ ಒಪ್ಪಲಿಕ್ಕಿಲ್ಲ. ಪ್ರೀತಿಯಿಂದ ಹಾಡಿದರು, ಅಷ್ಟೇ.

ಈಗ ನೀವು ಪತ್ರದ ಬಾಲಕ್ಕೆ ಕಟ್ಟಿದ ಮಾತಿಗೆ ಬರುತ್ತೇನೆ. ಗುರುವಾರ ರಾತ್ರಿ, ಹಾಸ್ಟೆಲ್ ಮಕ್ಕಳು, ತರಗತಿವಾರು ಪಟ್ಟಿ, ನಿರ್ದೇಶಕರೇ ಪಾಪನಿವೇದನೆಯ ಪೀಠದಲ್ಲಿ. ಮೇಷ್ಟ್ರೇ, ಗಿಟಾರ್‌ಗೆ ಎರಡು ಪ್ಯಾರಾ ಕೊಟ್ಟಿದ್ದೀರಿ, ಇದಕ್ಕೆ ಎರಡೇ ಸಾಲು. ನನಗೆ ಓದುವಾಗ ಮೈ ಬಿಸಿಯಾಯಿತು.

985ನೆಯ ವಿಧಿ ತೆಗೆದು ನೋಡಿ. ನವಶಿಷ್ಯರ ಗುರು, ಗುರುಮಠದ ಮುಖ್ಯಸ್ಥ, ಹಾಗೆಯೇ ಬೇರೆ ವಿದ್ಯಾಸಂಸ್ಥೆಯ ಮುಖ್ಯಸ್ಥ ತನ್ನೊಂದಿಗೆ ಒಂದೇ ಮನೆಯಲ್ಲಿ ವಾಸಿಸುವ ವಿದ್ಯಾರ್ಥಿಗಳ ಪಾಪನಿವೇದನೆ ಕೇಳಬಾರದು. ನಿರ್ದಿಷ್ಟ ಸಂದರ್ಭದಲ್ಲಿ ವಿದ್ಯಾರ್ಥಿ ತಾನಾಗಿಯೇ ಕೇಳಿಕೊಂಡರೆ ಮಾತ್ರ ವಿನಾಯಿತಿ. ನಿಮ್ಮ ನಿರ್ದೇಶಕರ ವಾಸ ಹಾಸ್ಟೆಲಿನ ಆವರಣದಲ್ಲೇ ಇದ್ದರೆ ಇದು ಅವರಿಗೆ ನೇರವಾಗಿ ಅನ್ವಯಿಸುತ್ತದೆ. ಯಾರ ಬಳಿ ಪಾಪ ಹೇಳಿಕೊಳ್ಳಬೇಕು ಎಂಬ ಆಯ್ಕೆ ಪ್ರತಿಯೊಬ್ಬ ವಿಶ್ವಾಸಿಯದು ಎಂದು 991 ಹೇಳುತ್ತದೆ. ಪಾಪನಿವೇದನೆಯಲ್ಲಿ ತಿಳಿದದ್ದನ್ನು ಅಧಿಕಾರದಲ್ಲಿರುವವನು ಆಡಳಿತಕ್ಕೆ ಎಂದಿಗೂ ಬಳಸಬಾರದು ಎಂದು 984.

ಏಕಿಷ್ಟು ಬೇಲಿ? ಹಾಸ್ಟೆಲಿನಿಂದ ಹೊರಹಾಕುವ ಅಧಿಕಾರ ಇರುವವನ ಕಿವಿಗೆ ಹದಿಮೂರರ ಹುಡುಗ ಏನನ್ನು ಹೇಳಿಯಾನು? ಒಂದೋ ಸುಳ್ಳು ಹೇಳುತ್ತಾನೆ. ಇಲ್ಲವೇ ನಿಜ ಹೇಳಿ, ಮರುವಾರ ಬೇರೆ ಯಾವುದೋ ಕಾರಣಕ್ಕೆ ಬೈಸಿಕೊಂಡಾಗ ‘ಅದಕ್ಕೇ ಇದು’ ಎಂದು ಜೀವಮಾನವಿಡೀ ನಂಬುತ್ತಾನೆ. ಫಾದರ್ ಗುಟ್ಟು ಬಿಟ್ಟುಕೊಡಬೇಕಾಗಿಲ್ಲ. ಅವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಹುಡುಗನ ಮನಸ್ಸಿನಲ್ಲಿ ಆ ಅನುಮಾನ ಹುಟ್ಟೇ ಹುಟ್ಟುತ್ತದೆ. ಅದರ ಮೇಲೆ ಪಟ್ಟಿ ಬೇರೆ! ಹೆಸರಿನ ಮುಂದೆ ಗುರುತು ಬೀಳದ ಮಗುವನ್ನು ಮರುದಿನ ಎಲ್ಲರೂ ನೋಡುತ್ತಾರೆ.

ನಿರ್ದೇಶಕರು ಹಳೆಯ ಸಂಪ್ರದಾಯವನ್ನು ಅಷ್ಟೊಂದು ಪ್ರೀತಿಸುವವರಾದರೆ ಅವರಿಗೆ ಹೇಳಿ: ಈ ನಿಷೇಧ 1917ರ ಸಂಹಿತೆಯಲ್ಲೂ ಇತ್ತು.

ಬರೆಯುವುದಾದರೆ ಇದೊಂದನ್ನೇ ಬರೆಯಿರಿ. ತಮ್ಮ ಅಭಿಪ್ರಾಯವನ್ನು ಗುರುವರ್ಗಕ್ಕೆ ತಿಳಿಸುವುದು ವಿಶ್ವಾಸಿಗಳ ಹಕ್ಕು, ಕೆಲವೊಮ್ಮೆ ಕರ್ತವ್ಯ ಕೂಡ ಎಂದು 212ನೆಯ ವಿಧಿಯಲ್ಲಿದೆ. ಒಂದು ಪುಟ ಸಾಕು. ಮುಸುಕು, ಗಿಟಾರ್, ಲ್ಯಾಟಿನ್ ಯಾವುದನ್ನೂ ಅದರೊಳಗೆ ಸೇರಿಸಬೇಡಿ. ಸೇರಿಸಿದರೆ ಧರ್ಮಾಧ್ಯಕ್ಷರ ಕಚೇರಿಯಲ್ಲಿ ಅದು ‘ಹಾಡಿನ ಜಗಳ’ದ ಕಡತಕ್ಕೆ ಹೋಗುತ್ತದೆ.

ವಿಜ್ಞಾನ ಶಿಕ್ಷಕಿ

ನಾನು ಕ್ರೈಸ್ತಳಲ್ಲ, ಆದರೆ ಇಂತಹದೇ ಶಾಲೆಯಲ್ಲಿದ್ದೇನೆ. ಲ್ಯಾಟಿನ್ ಆದರೇನು, ಗಿಟಾರ್ ಆದರೇನು, ಶುಕ್ರವಾರ ನನ್ನ ತರಗತಿಯ ಅರ್ಧ ಮಕ್ಕಳು ಅರ್ಥವಾಗದ ಆರಾಧನೆಯಲ್ಲಿ ಸುಮ್ಮನೆ ಕುಳಿತಿರುತ್ತಾರೆ. ಅವರ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ. ಇನ್ನೊಂದು ಸಂಶಯ: ನಮ್ಮಂತಹವರು ಈ ಜಗಳದಲ್ಲಿ ಬಾಯಿ ಹಾಕಿದರೆ ಧರ್ಮಾಧ್ಯಕ್ಷರು ನಮ್ಮನ್ನು ತೆಗೆಯಬಹುದೇ?

ನಿವೃತ್ತ ಮುಖ್ಯೋಪಾಧ್ಯಾಯಿನಿ

ಮೇಡಂ, ಒಳ್ಳೆಯ ತಿವಿತ. ಯಾರನ್ನೂ ಬಲವಂತದಿಂದ ಕಥೊಲಿಕ ವಿಶ್ವಾಸಕ್ಕೆ ಎಳೆಯಬಾರದೆಂದು 748ನೆಯ ವಿಧಿಯಲ್ಲಿದೆ. ಪ್ರಾರ್ಥನಾಲಯದಲ್ಲಿ ಸುಮ್ಮನೆ ಕೂರಿಸುವುದು ಬಲವಂತವಲ್ಲ ಎಂದು ಆಡಳಿತದವರು ವಾದಿಸುತ್ತಾರೆ. ನನ್ನ ಶಾಲೆಯಲ್ಲಿ ಆ ಹೊತ್ತಿಗೆ ಗ್ರಂಥಾಲಯ ತೆರೆದಿಡುತ್ತಿದ್ದೆ. ಮೊದಲ ವಾರ ಕಥೊಲಿಕ ಮಕ್ಕಳೂ ಅಲ್ಲಿಗೇ ನುಗ್ಗಿದರು, ಅದು ಬೇರೆ ಕಥೆ.

ಎರಡನೆಯದಕ್ಕೆ ಉತ್ತರ: 805ನೆಯ ವಿಧಿ ಧರ್ಮೋಪದೇಶದ ಶಿಕ್ಷಕರನ್ನು ನೇಮಿಸುವ, ತೆಗೆಯುವ ಅಧಿಕಾರವನ್ನು ಧರ್ಮಾಧ್ಯಕ್ಷರಿಗೆ ಕೊಡುತ್ತದೆ. ವಿಜ್ಞಾನ ಶಿಕ್ಷಕಿಯ ಹೆಸರು ಅಲ್ಲಿಲ್ಲ. ಉದ್ಯೋಗದ ವಿಷಯದಲ್ಲಿ ದೇಶದ ಕಾರ್ಮಿಕ ಕಾನೂನನ್ನು ಚಾಚೂ ತಪ್ಪದೆ ಪಾಲಿಸಿ ಎಂದು 1286ನೆಯ ವಿಧಿ ಆಡಳಿತಗಾರರಿಗೆ ಹೇಳುತ್ತದೆ. ಹಾಗೆಂದು ಧರ್ಮಾಧ್ಯಕ್ಷರ ಕೈ ಬರಿದಲ್ಲ. ಅನುಮತಿಯಿಲ್ಲದೆ ಯಾವ ಶಾಲೆಯೂ ‘ಕಥೊಲಿಕ’ ಎಂಬ ಹೆಸರು ಇಟ್ಟುಕೊಳ್ಳುವಂತಿಲ್ಲ (803), ಆ ಹೆಸರನ್ನೇ ಅವರು ಹಿಂಪಡೆಯಬಹುದು. 2019ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಆದದ್ದು ಇದೇ. ಸಲಿಂಗ ವಿವಾಹವಾಗಿದ್ದ ಶಿಕ್ಷಕರೊಬ್ಬರ ಒಪ್ಪಂದ ನವೀಕರಿಸಬೇಡಿ ಎಂದು ಮಹಾಧರ್ಮಾಧ್ಯಕ್ಷರು ಹೇಳಿದರು, ಜೆಸ್ವಿಟ್ ಎಂಬ ಸಂನ್ಯಾಸಿ ಗುರುಗಳ ಸಂಘದ ಬ್ರೆಬೂಫ್ ಶಾಲೆ ಒಪ್ಪಲಿಲ್ಲ. ಅದು ಇನ್ನು ಕಥೊಲಿಕ ಶಾಲೆಯಲ್ಲ ಎಂಬ ಆಜ್ಞೆ ಹೊರಟಿತು. ಜೆಸ್ವಿಟರು ರೋಮ್‌ಗೆ ಮೇಲ್ಮನವಿ ಸಲ್ಲಿಸಿದರು, ಸೆಪ್ಟೆಂಬರಿನಲ್ಲಿ ಆಜ್ಞೆಗೆ ತಾತ್ಕಾಲಿಕ ತಡೆ ಬಿತ್ತು. ಅದೇ ನಗರದ ಇನ್ನೊಂದು ಕಥೊಲಿಕ ಶಾಲೆ ಅಂತಹದೇ ಸೂಚನೆಗೆ ಮಣಿದು ತನ್ನ ಶಿಕ್ಷಕನನ್ನು ಕಳುಹಿಸಿಬಿಟ್ಟಿತು. ಬೆನ್ನಿಗೆ ಯಾರು ನಿಲ್ಲುತ್ತಾರೆ ಎಂಬುದರ ಮೇಲೆ ಎಷ್ಟೊಂದು ನಿಂತಿದೆ ನೋಡಿ.

ಚರಿತ್ರೆ ಮೇಷ್ಟ್ರು

ಮೇಡಂ, ಹಸ್ತಾಂತರದ ಪತ್ರದ ಪ್ರತಿ ಸಿಕ್ಕಿತು. ಕಟ್ಟಡ, ಆಡಳಿತ, ನೇಮಕಾತಿ ಎಲ್ಲವನ್ನೂ ಬಿಟ್ಟುಕೊಟ್ಟಿದ್ದಾರೆ. ಸಿಸ್ಟರ್‌ಗೆ ತೋರಿಸಿದೆ. ಕನ್ನಡಕ ತೆಗೆದು ಒರೆಸಿಕೊಂಡು, ‘ನನ್ನನ್ನು ಯಾರೂ ಕೇಳಲಿಲ್ಲ’ ಎಂದರು. ಫಾದರ್‌ಗಿಂತ ಅವರ ಸಭೆಯ ಮೇಲೆಯೇ ನನಗೆ ಈಗ ಹೆಚ್ಚು ಸಿಟ್ಟು.

ಪಾಪನಿವೇದನೆಯ ವಿಷಯವನ್ನು ನಿರ್ದೇಶಕರ ಬಳಿ ಎತ್ತಿದೆ. ಅವರ ವಾಸ ಹಾಸ್ಟೆಲಿನ ಕೆಳಮಹಡಿಯಲ್ಲೇ. 985 ಅವರಿಗೆ ಗೊತ್ತಿತ್ತು. ‘ಮಕ್ಕಳೇ ಕೇಳಿಕೊಂಡರು’ ಎಂದರು. ಇದಕ್ಕೇನು ಹೇಳಲಿ?

ನಿವೃತ್ತ ಮುಖ್ಯೋಪಾಧ್ಯಾಯಿನಿ

ಒಬ್ಬ ಹುಡುಗ ಬಾಗಿಲು ತಟ್ಟಿ ಕೇಳಿಕೊಂಡರೆ ಅದು ವಿನಾಯಿತಿ. ಐದು ತರಗತಿಗಳು ಸಾಲಾಗಿ, ಹಾಜರಿ ಪಟ್ಟಿಯ ಕ್ರಮದಲ್ಲಿ, ಪ್ರತಿ ಗುರುವಾರ ಕೇಳಿಕೊಳ್ಳುವುದಿಲ್ಲ. ಹೀಗೆಯೇ ಹೇಳಿ.

ಪತ್ರದಲ್ಲಿ ಎರಡೇ ಬೇಡಿಕೆ ಇರಲಿ: ಹೊರಗಿನ ಗುರುಗಳೊಬ್ಬರು ಬರಬೇಕು, ಪಟ್ಟಿ ಹೋಗಬೇಕು. ಸಹಿ ನಿಮ್ಮದಲ್ಲ, ಸಿಸ್ಟರ್ ಅವರದಂತೂ ಬೇಡವೇ ಬೇಡ. ಹಾಸ್ಟೆಲ್ ಮಕ್ಕಳ ತಂದೆತಾಯಂದಿರು ಹಾಕಲಿ. ಮಕ್ಕಳ ಶಿಕ್ಷಣದ ಹಕ್ಕು ಮೊದಲಿಗೆ ಅವರದು, 793ನೆಯ ವಿಧಿ ಅವರ ಪರವಾಗಿದೆ. ಮೇಲೆ ಬರೆದಿರುವ ತಂದೆಯವರಂತಹ ಲ್ಯಾಟಿನ್ ಪ್ರಿಯರ ಸಹಿಯೂ ಸಿಕ್ಕರೆ ಬಿಡಬೇಡಿ. ಅವರದೇ ಮೊದಲ ಸಹಿಯಾಗಲಿ.

ಧರ್ಮಾಧ್ಯಕ್ಷರು ಒಪ್ಪದೆ ಲಿಖಿತ ಆಜ್ಞೆ ಕೊಟ್ಟರೆ ಅದು ಕೈಗೆ ಬಂದ ದಿನಾಂಕವನ್ನು ಮೇಲೆಯೇ ಬರೆದಿಡಿ. ಮರುಪರಿಶೀಲನೆಗೆ ಅವರಿಗೇ ಬರೆಯಲು ಹತ್ತು ದಿನ, ಆಮೇಲೆ ರೋಮ್‌ಗೆ ಹೋಗಲು ಹದಿನೈದು ದಿನ (1734, 1737). ನಿರ್ದೇಶಕರ ಸುತ್ತೋಲೆ ಅಂತಹ ಆಜ್ಞೆಯಲ್ಲ, ಅದರ ಮೇಲೆ ಈ ದಾರಿ ಹಿಡಿಯಬೇಡಿ.

ಇಬ್ಬರು ಮಕ್ಕಳ ತಂದೆ

ನನ್ನ ಮಕ್ಕಳು ಹಾಸ್ಟೆಲಿನಲ್ಲಿಲ್ಲ, ಆ ಶಾಲೆಯಲ್ಲೂ ಇಲ್ಲ. ಇದ್ದಿದ್ದರೆ ಸಹಿ ಹಾಕುತ್ತಿದ್ದೆ. 116ನೆಯ ಪರಿಚ್ಛೇದದ ಬಗ್ಗೆ ಮಾತ್ರ ನನ್ನ ಜಗಳ ಇನ್ನೂ ಮುಗಿದಿಲ್ಲ ಮೇಡಂ, ಅದಕ್ಕೆ ಬೇರೆಯೇ ಬರೆಯುತ್ತೇನೆ.